ಮಕ್ಕಳ ಅಹವಾಲು, ಮಂತ್ರಿಗಳ ಉತ್ತರ

ಕಠೋಪನಿಷತ್ತಿನ ನಚಿಕೇತನ ಕಥೆ ನಿಮ್ಮಲ್ಲಿ ಬಹುಮಂದಿಗೆ ತಿಳಿದದ್ದೇ. ತಂದೆ ಯಾಗ ಮಾಡಿ ಸರ್ವಸ್ವವನ್ನೂ ದಾನ ಕೊಡುವೆನೆಂದು ಹೊರಟ. ಆದರೆ ಕೊಟ್ಟದ್ದು ಮೇಯಲಾರದ, ಹಾಲು ಬತ್ತಿದ ಮುದಿ ಹಸುಗಳನ್ನು. ಅದನ್ನು ಕಂಡ ಹುಡುಗ, ಹಾಗಾದರೆ ತನ್ನನ್ನು ಯಾರಿಗೆ ಕೊಡುತ್ತೀಯೆಂದು ತಂದೆಯನ್ನು ಕೇಳಿದ. ಒಂದು ಸಲವಲ್ಲ, ಮೂರು ಸಲ ಕೇಳಿದ. ತಂದೆ ರೇಗಿ, ನಿನ್ನನ್ನು ಮೃತ್ಯುವಿಗೆ ಕೊಟ್ಟೆನೆಂದುಬಿಟ್ಟ. ಅದೇ ಹುಡುಗ ಯಮನ ಮನೆಗೆ ಹೋದಾಗ ಯಮ ಅಲ್ಲಿರಲಿಲ್ಲ. ಮೂರು ರಾತ್ರಿ ಅನ್ನ ನೀರಿಲ್ಲದೆ ಬಾಗಿಲಲ್ಲಿ ಕಾದ. ಹಿಂದಿರುಗಿದ ಯಮಧರ್ಮರಾಯ ಮೊದಲು ಮಾಡಿದ ಕೆಲಸವೆಂದರೆ, ಅತಿಥಿಯನ್ನು ಕಾಯಿಸಿದ ತಪ್ಪಿಗೆ ಪ್ರತಿಯಾಗಿ ಮೂರು ವರ ಕೊಟ್ಟದ್ದು. ಹುಡುಗನ ಮೂರನೆಯ ಪ್ರಶ್ನೆ ಕಠಿನವಾಯಿತು. ಆಗ ಆನೆ, ಕುದುರೆ, ಚಿನ್ನದ ಆಸೆ ತೋರಿಸಿ ನೋಡಿದ. ಹುಡುಗ ಜಗ್ಗಲಿಲ್ಲ. ಕೊನೆಗೆ ಯಮನೇ ಮೆಚ್ಚಿ, ಕುಳಿತು ಉತ್ತರ ಹೇಳಿದ.

ಮಗು ಪ್ರಶ್ನೆ ಕೇಳಿದಾಗ ದೊಡ್ಡವರು ನಡೆದುಕೊಳ್ಳುವ ಮೂರು ಬಗೆಗಳು ಈ ಒಂದೇ ಕಥೆಯಲ್ಲಿವೆ. ಒಂದು, ರೇಗುವುದು. ಎರಡು, ಏನಾದರೂ ಕೊಟ್ಟು ಸಾಗಹಾಕುವುದು. ಮೂರು, ಉತ್ತರ ಹೇಳುವುದು. ಈ ಹೊತ್ತು ನಾನು ನಿಮ್ಮ ಮುಂದಿಡಬೇಕೆಂದಿರುವ ವಿಷಯ ಇದಕ್ಕೆ ಸಂಬಂಧಪಟ್ಟದ್ದು. ಇನ್ನೂ ಮತದಾನದ ಹಕ್ಕಿಲ್ಲದ ಹುಡುಗ ಹುಡುಗಿಯರು ಸಾರ್ವಜನಿಕ ವಿಷಯವೊಂದನ್ನು ಹಿಡಿದು ಬೀದಿಗೆ ಬಂದರೆ, ಮಂತ್ರಿಯ ಬಾಗಿಲಿಗೆ ಮನವಿಪತ್ರ ತಂದರೆ, ಅಧಿಕಾರದಲ್ಲಿರುವವರು ಹೇಗೆ ನಡೆದುಕೊಳ್ಳಬೇಕು?

ಮಕ್ಕಳಿಗೇಕೆ ರಾಜಕೀಯ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಬಹುದು. ಅದು ಸಹಜವೇ. ಆದರೆ ಇದು ನಮ್ಮ ನಾಡಿಗೆ ಹೊಸದಲ್ಲ. 1930ರಲ್ಲಿ ಅಲಹಾಬಾದಿನಲ್ಲಿ ಮಕ್ಕಳ ವಾನರಸೇನೆ ಕಟ್ಟಿ, ಬಾವುಟ ಹೊಲಿಯುವ, ಸುದ್ದಿ ಮುಟ್ಟಿಸುವ ಕೆಲಸ ಮಾಡಿಸಿದ ಇಂದಿರಾ ನೆಹರೂ ಅವರಿಗೆ ಆಗ ಹನ್ನೆರಡು ವರ್ಷ. 1942ರ ಆಗಸ್ಟಿನಲ್ಲಿ ಹುಬ್ಬಳ್ಳಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ನಾರಾಯಣ ಮಹಾದೇವ ದೋಣಿ ಇನ್ನೂ ಬಾಲಕ. 1947ರ ಸೆಪ್ಟೆಂಬರಿನಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದಮೇಲೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಚಳವಳಿ ನಡೆಯಬೇಕಾಗಿ ಬಂದಾಗ, ಗುಂಡೇಟಿನಿಂದ ಸತ್ತ ರಾಮಸ್ವಾಮಿ ವಿದ್ಯಾರ್ಥಿ. ಮೈಸೂರಿನ ರಾಮಸ್ವಾಮಿ ವೃತ್ತವನ್ನು ನೀವು ಎಷ್ಟೋ ಸಲ ದಾಟಿರಬಹುದು. ಆ ಹೆಸರು ಈ ಹುಡುಗನದು. ಆ ಮಕ್ಕಳನ್ನು ಇಂದು ನಾವು ಹುತಾತ್ಮರೆಂದು ಗೌರವಿಸುತ್ತೇವೆ. ಹೀಗಿರುವಾಗ, ಸತ್ತ ಮಕ್ಕಳಿಗೆ ಹಾರ ಹಾಕುವ ನಾವು ಬದುಕಿರುವ ಮಕ್ಕಳಿಗೆ ಮಾತ್ರ ತೆಪ್ಪಗಿರಬೇಕೆಂದು ಹೇಳುವುದು ಅಷ್ಟು ಸುಲಭವಲ್ಲ.

ಅಧಿಕಾರ ರೇಗಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಅಲಬಾಮ ಪ್ರಾಂತದ ಬರ್ಮಿಂಗ್‌ಹ್ಯಾಮ್ ಪಟ್ಟಣದ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ. 1963ರಲ್ಲಿ ಅಲ್ಲಿ ಕರಿಯ ಜನರಿಗೆ ಹೋಟೆಲಿನಲ್ಲಿ, ಅಂಗಡಿಯಲ್ಲಿ, ಶಾಲೆಯಲ್ಲಿ ಎಲ್ಲೆಲ್ಲೂ ಪ್ರತ್ಯೇಕತೆ. ದೊಡ್ಡವರು ಚಳವಳಿ ಹೂಡಿದರು. ಆದರೆ ಜೈಲಿಗೆ ಹೋದರೆ ಕೆಲಸ ಹೋಗುತ್ತದೆ, ಮನೆ ಬಾಡಿಗೆ ಕಟ್ಟುವವರಿಲ್ಲ. ಚಳವಳಿ ಸೊರಗಿತು. ಆಗ ಜೇಮ್ಸ್ ಬೆವೆಲ್ ಎಂಬ ಕಾರ್ಯಕರ್ತರು ಶಾಲಾ ಮಕ್ಕಳನ್ನು ಸಿದ್ಧಪಡಿಸಿದರು. ಮಾರ್ಟಿನ್ ಲೂಥರ್ ಕಿಂಗ್ ಅವರು ಮೊದಲು ಹಿಂದೆಮುಂದೆ ನೋಡಿ ಆಮೇಲೆ ಒಪ್ಪಿದರು. ಮೇ 2ರಂದು ಒಂದು ಚರ್ಚಿನಿಂದ ಮಕ್ಕಳು ಸಾಲುಸಾಲಾಗಿ ಹೊರಟರು. ಆ ಒಂದೇ ದಿನ ನೂರಾರು ಮಕ್ಕಳು ಬಂಧಿತರಾದರು. ಆ ವಾರ ಸೆರೆಮನೆ ಸೇರಿದವರಲ್ಲಿ ಆಡ್ರಿ ಫೇ ಹೆಂಡ್ರಿಕ್ಸ್ ಎಂಬ ಒಂಬತ್ತು ವರ್ಷದ ಹುಡುಗಿಯೂ ಇದ್ದಳು. ಅವಳು ಒಂದು ವಾರ ಸೆರೆಯಲ್ಲಿ ಕಳೆದಳು. ಮರುದಿನ, ನಗರದ ಸುರಕ್ಷತಾ ಅಧಿಕಾರವನ್ನು ಹೊಂದಿದ್ದ ಯೂಜೀನ್ ಕಾನರ್ ಎಂಬ ರಾಜಕಾರಣಿ ಮಕ್ಕಳ ಮೇಲೆ ಅಗ್ನಿಶಾಮಕ ದಳದ ನೀರಿನ ಕೊಳವೆಗಳನ್ನು ಬಿಡಿಸಿದ, ಪೊಲೀಸ್ ನಾಯಿಗಳನ್ನು ತರಿಸಿದ.

ಆ ನೀರಿನ ರಭಸ ಸಾಮಾನ್ಯವಾದುದಲ್ಲ. ಮಕ್ಕಳು ಬೀದಿಯಲ್ಲಿ ಉರುಳಿಹೋಗುವ, ನಾಯಿ ಹುಡುಗನೊಬ್ಬನ ಮೇಲೆ ಎರಗುವ ಛಾಯಾಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ದೂರದರ್ಶನದಲ್ಲಿ ಜನ ಕಣ್ಣಾರೆ ಕಂಡರು. ಮೇ 10ರ ಹೊತ್ತಿಗೆ ಪಟ್ಟಣದ ವರ್ತಕರು ರಾಜಿಗೆ ಬಂದರು. ಆದರೂ ಶಾಲಾ ಮಂಡಲಿಗೆ ಸಿಟ್ಟು ಆರಲಿಲ್ಲ. ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಶಾಲೆಯಿಂದ ಹೊರಹಾಕಿತು. ಎರಡೇ ದಿನದಲ್ಲಿ ಮೇಲಿನ ನ್ಯಾಯಾಲಯದ ನ್ಯಾಯಾಧೀಶ ಎಲ್ಬರ್ಟ್ ಟಟಲ್ ಅವರು ಆ ಆಜ್ಞೆಯನ್ನು ತಡೆದು, ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸಿದರು. ಜೂನ್ 11ರಂದು ಅಧ್ಯಕ್ಷ ಕೆನಡಿಯವರು ನಾಗರಿಕ ಹಕ್ಕುಗಳ ಕಾನೂನು ತರುವುದಾಗಿ ದೇಶಕ್ಕೆ ತಿಳಿಸಿದರು. 1964ರ ಜುಲೈ 2ರಂದು ಅದು ಕಾನೂನಾಯಿತು.

ದಕ್ಷಿಣ ಆಫ್ರಿಕದ ಸೊವೆಟೊದ ಕಥೆ ಇದಕ್ಕಿಂತ ಘೋರ. ಕೆಲವು ಪಾಠಗಳನ್ನು ಆಫ್ರಿಕಾನ್ಸ್ ಭಾಷೆಯಲ್ಲಿಯೇ ಕಲಿಯಬೇಕೆಂಬ ಆಜ್ಞೆಯನ್ನು ಮಕ್ಕಳು ಒಪ್ಪಲಿಲ್ಲ. ವಾರಗಟ್ಟಲೆ ತರಗತಿ ಬಹಿಷ್ಕರಿಸಿದರು. ಕೇಳುವವರಿರಲಿಲ್ಲ. 1976ರ ಜೂನ್ 16ರಂದು ಮೆರವಣಿಗೆ ಹೊರಟ ವಿದ್ಯಾರ್ಥಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹೆಕ್ಟರ್ ಪೀಟರ್‌ಸನ್ ಎಂಬ ಹನ್ನೆರಡರ ಹುಡುಗ ಸತ್ತ. ಮುಂದಿನ ಗಲಭೆಯಲ್ಲಿ ಸತ್ತವರು ನೂರಾರು ಮಂದಿ. ಕೆಲವೇ ವಾರಗಳಲ್ಲಿ ಆ ಭಾಷೆಯ ಆಜ್ಞೆಯನ್ನು ಸರ್ಕಾರವೇ ಹಿಂತೆಗೆದುಕೊಂಡಿತು. ಒಂದು ಭೇಟಿಯಲ್ಲಿ, ಒಂದು ಕಾಗದದಲ್ಲಿ ಮುಗಿಯಬಹುದಾಗಿದ್ದುದಕ್ಕೆ ಅಷ್ಟು ಪ್ರಾಣಗಳು ಹೋದವು. ಇಂದು ಆ ದಿನ ಅಲ್ಲಿ ಯುವಜನರ ಹೆಸರಿನಲ್ಲಿ ಸಾರ್ವಜನಿಕ ರಜೆ.

ಎಲ್ಲ ರಾಜಕಾರಣಿಗಳೂ ನಾಯಿ ಬಿಡುವವರಲ್ಲ. ಬಹಳಷ್ಟು ಮಂದಿ ಗದರಿಸಿ ಕಳುಹಿಸುತ್ತಾರೆ, ಅಷ್ಟೆ. 2018ರ ಆಗಸ್ಟಿನಲ್ಲಿ ಗ್ರೇಟಾ ಥನ್‌ಬರ್ಗ್ ಎಂಬ 15 ವರ್ಷದ ಹುಡುಗಿ ಸ್ವೀಡನ್ನಿನ ಪಾರ್ಲಿಮೆಂಟಿನ ಎದುರು ಒಂದು ಫಲಕ ಹಿಡಿದು ಒಬ್ಬಳೇ ಕುಳಿತಳು. ಹವಾಮಾನದ ವಿಪತ್ತನ್ನು ತಡೆಯಲು ದೊಡ್ಡವರು ಏನೂ ಮಾಡುತ್ತಿಲ್ಲವೆಂಬುದು ಅವಳ ಆಕ್ಷೇಪ. ಮರುವರ್ಷ ಮಾರ್ಚಿ 15ರ ಹೊತ್ತಿಗೆ ನೂರಕ್ಕೂ ಹೆಚ್ಚು ದೇಶಗಳಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ಮಕ್ಕಳು ಶಾಲೆ ಬಿಟ್ಟು ಬೀದಿಗೆ ಬಂದರು. 2018ರ ನವೆಂಬರಿನಲ್ಲಿ ಆಸ್ಟ್ರೇಲಿಯದ ಅಂದಿನ ಪ್ರಧಾನಿ ಸ್ಕಾಟ್ ಮಾರಿಸನ್ ಅವರು, ಶಾಲೆಯಲ್ಲಿ ಚಳವಳಿ ಕಡಮೆಯಾಗಿ ಕಲಿಕೆ ಹೆಚ್ಚಾಗಬೇಕೆಂದು ಪಾರ್ಲಿಮೆಂಟಿನಲ್ಲಿಯೇ ಹೇಳಿದರು. ಕೆಲವೇ ದಿನಗಳಲ್ಲಿ ಅಲ್ಲಿಯ ಸಾವಿರಾರು ಮಕ್ಕಳು ಮುಷ್ಕರ ನಡೆಸಿದರು. 2019ರ ಫೆಬ್ರುವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇದೇ ವಿಷಯಕ್ಕಾಗಿ ಮಕ್ಕಳ ಗುಂಪೊಂದು ಸೆನೆಟರ್ ಡಯಾನ್ ಫೈನ್‌ಸ್ಟೈನ್ ಅವರನ್ನು ಕಾಣಲು ಹೋಯಿತು. ಆ ಹಿರಿಯ ಮಹಿಳೆ ಮಕ್ಕಳನ್ನು ಹೊರಗೆ ನಿಲ್ಲಿಸಲಿಲ್ಲ, ಮಾತಾಡಿಸಿದರು. ಅವರು ಕೇಳಿದ ಠರಾವು ಸೆನೆಟ್ಟಿನಲ್ಲಿ ಏಕೆ ಅಂಗೀಕಾರವಾಗದೆಂದು ಕಾರಣ ಹೇಳಿದರು. ತಮ್ಮದೇ ಕರಡನ್ನು ಕೈಗೆ ಕೊಟ್ಟರು. ಆದರೆ ಅದರ ಜೊತೆಗೆ, ತಾವು 30 ವರ್ಷದಿಂದ ಈ ಕೆಲಸ ಮಾಡುತ್ತಿರುವುದಾಗಿಯೂ, ಎದುರು ನಿಂತ ಹದಿನಾರರ ಹುಡುಗಿ ತಮಗೆ ಮತ ಹಾಕಿದವಳಲ್ಲವೆಂದೂ ಹೇಳಿಬಿಟ್ಟರು. ಕಾರಣ ಯಾರಿಗೂ ನೆನಪುಳಿಯಲಿಲ್ಲ. ಆ ಕೊನೆಯ ಮಾತು ಲೋಕವೆಲ್ಲ ಹಬ್ಬಿತು.

ಈ ಗದರಿಕೆಯಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳುವುದಿಲ್ಲ. ಪಾಠ ತಪ್ಪಿದರೆ ನಷ್ಟ ಮಗುವಿಗೇ. ನಮ್ಮ ದೇಶದಲ್ಲಿ ಎಷ್ಟೋ ಬಡಮಕ್ಕಳಿಗೆ ಶಾಲೆಯ ಒಂದು ದಿನವೆಂದರೆ ಒಂದು ಹೊತ್ತಿನ ಬಿಸಿಯೂಟ ಕೂಡ. ಮಂತ್ರಿಯಾದವರು ಇದನ್ನು ಹೇಳಲಿ, ಹೇಳಬೇಕಾದದ್ದೇ. ಆದರೆ ಯಾವಾಗ? ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಾದ ಮೇಲೆ. ಕೆರೆಯ ನೀರು ಏಕೆ ಕೆಟ್ಟಿದೆಯೆಂದು ಕೇಳಿದ ಹುಡುಗನಿಗೆ, ನಿನ್ನ ಲೆಕ್ಕದ ಪಾಠ ಮುಗಿಯಿತೇ ಎನ್ನುವುದು ಉತ್ತರವಾಗುವುದಿಲ್ಲ. ಮತ ಹಾಕಿದವರಿಗಷ್ಟೇ ತಾನು ಪ್ರತಿನಿಧಿ ಎನ್ನುವುದಂತೂ ಸರಿಯೇ ಅಲ್ಲ. ಮತವಿಲ್ಲದವರ ಪಾಲಿಗೂ, ಸೋತ ಪಕ್ಷಕ್ಕೆ ಮತ ಹಾಕಿದವರ ಪಾಲಿಗೂ ಆತನೇ ಪ್ರತಿನಿಧಿ.

ಗದರಿಕೆಗಿಂತ ಜಾಣತನದ ಇನ್ನೊಂದು ದಾರಿ ಉಂಟು; ಅದು ಹೊಗಳಿಕೆ. 1992ರ ಜೂನಿನಲ್ಲಿ ಬ್ರೆಜಿಲಿನ ರಿಯೊ ನಗರದಲ್ಲಿ ಭೂಮಿಯ ಪರಿಸರದ ಬಗ್ಗೆ ದೊಡ್ಡ ಸಮ್ಮೇಳನ ನಡೆಯಿತು. ಕೆನಡದ ಸೆವರ್ನ್ ಕಲಿಸ್ ಸುಜುಕಿ ಎಂಬ ಹನ್ನೆರಡರ ಹುಡುಗಿ ಗೆಳತಿಯರೊಡನೆ ತಾವೇ ಹಣ ಕೂಡಿಸಿಕೊಂಡು ಅಲ್ಲಿಗೆ ಹೋದಳು. ಕೆಲವೇ ನಿಮಿಷ ಮಾತಾಡಿದಳು. ಪ್ರತಿನಿಧಿಗಳ ಕಣ್ಣಲ್ಲಿ ನೀರು ಬಂತು, ಚಪ್ಪಾಳೆ ಬಿತ್ತು. ಆಮೇಲೆ? ಇಪ್ಪತ್ತೇಳು ವರ್ಷದ ತರುವಾಯ, 2019ರ ಸೆಪ್ಟೆಂಬರಿನಲ್ಲಿ, ಗ್ರೇಟಾ ಥನ್‌ಬರ್ಗ್ ವಿಶ್ವಸಂಸ್ಥೆಯ ಸಭೆಯಲ್ಲಿ ಹೆಚ್ಚುಕಡಮೆ ಅದೇ ದೂರನ್ನು ಮತ್ತೆ ಹೇಳಬೇಕಾಯಿತು. ಅದಕ್ಕೆ ಕೆಲವು ದಿನ ಮುಂಚೆ ಅಮೆರಿಕದ ಕಾಂಗ್ರೆಸ್ಸಿನ ಸಮಿತಿ ಸಾಕ್ಷ್ಯ ಹೇಳಲು ಕರೆದಾಗ ಅವಳು ದೀರ್ಘ ಭಾಷಣ ಮಾಡಲಿಲ್ಲ. ವಿಜ್ಞಾನಿಗಳ ವರದಿಯೊಂದನ್ನು ಮುಂದಿಟ್ಟು, ತನ್ನ ಮಾತನ್ನಲ್ಲ, ವಿಜ್ಞಾನಿಗಳ ಮಾತನ್ನು ಕೇಳಿರೆಂದಳು. ಹೊಗಳಿಕೆಯಿಂದ ತಪ್ಪಿಸಿಕೊಳ್ಳಲು ಅವಳಿಗೆ ತೋರಿದ ದಾರಿ ಅದು. ಮಕ್ಕಳನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ನೀವೇ ನಾಡಿನ ಭವಿಷ್ಯವೆಂದು ಹೇಳಿ, ಮನವಿಪತ್ರವನ್ನು ಆಪ್ತ ಸಹಾಯಕನ ಕೈಗೆ ಕೊಟ್ಟು ಕಾರು ಹತ್ತುವುದು ನಾವೆಲ್ಲ ಕಂಡ ದೃಶ್ಯವೇ. ಮೂಗಿಗೆ ತುಪ್ಪ ಸವರುವುದೆಂದರೆ ಇದೇ.

ಇನ್ನೊಂದು ಮಾತು ಎಲ್ಲ ಕಡೆಯೂ ಕೇಳಿಬರುತ್ತದೆ: ಈ ಮಕ್ಕಳನ್ನು ಯಾರೋ ಎತ್ತಿಕಟ್ಟಿದ್ದಾರೆ ಎಂದು. ಈ ಸಂಶಯ ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಮಕ್ಕಳನ್ನು ಮುಂದಿಟ್ಟದ್ದನ್ನು ಚಳವಳಿಯ ವಿರೋಧಿಗಳಷ್ಟೇ ಅಲ್ಲ, ರಾಬರ್ಟ್ ಕೆನಡಿಯವರೂ, ಮಾಲ್ಕಮ್ ಎಕ್ಸ್ ಅವರೂ ಆಕ್ಷೇಪಿಸಿದರು. ನಮ್ಮಲ್ಲಿ ಚುನಾವಣೆಯ ಕಾಲಕ್ಕೆ ಪುಟ್ಟ ಮಕ್ಕಳ ಕೈಗೆ ಪಕ್ಷದ ಬಾವುಟ ಕೊಟ್ಟು ಘೋಷಣೆ ಕೂಗಿಸುವುದನ್ನು ಕಾಣದವರಾರು? 2024ರ ಫೆಬ್ರುವರಿಯಲ್ಲಿ ಚುನಾವಣಾ ಆಯೋಗವು, ಪ್ರಚಾರದಲ್ಲಿ ಮಕ್ಕಳನ್ನು ಯಾವ ರೀತಿಯಲ್ಲಿಯೂ ಬಳಸಕೂಡದೆಂದು ಎಲ್ಲ ಪಕ್ಷಗಳಿಗೂ ಕಟ್ಟುನಿಟ್ಟಾಗಿ ತಿಳಿಸಬೇಕಾಯಿತು. ಆದ್ದರಿಂದ, ಎತ್ತಿಕಟ್ಟಿದ್ದಾರೆಂದು ದೂರುವ ರಾಜಕಾರಣಿ ಮೊದಲು ತನ್ನ ಮೆರವಣಿಗೆಯ ಕಡೆ ನೋಡಿಕೊಳ್ಳಬೇಕು. ಎರಡನೆಯದಾಗಿ, ಮಗುವನ್ನು ಯಾರು ಕಳುಹಿಸಿದರೆಂಬುದು ಬೇರೆ, ಮಗು ಹೇಳಿದ್ದು ನಿಜವೋ ಸುಳ್ಳೋ ಎಂಬುದು ಬೇರೆ. ಶಾಲೆಯ ಹಿಂದಿನ ಕಾಲುಸಂಕ ಮುರಿದಿದೆಯೆಂದು ಹುಡುಗಿ ಹೇಳಿದರೆ, ಅವಳಿಗೆ ಯಾರು ಹೇಳಿಕೊಟ್ಟರೆಂದು ವಿಚಾರಿಸುವ ಹೊತ್ತಿನಲ್ಲಿ ಹೋಗಿ ಸಂಕವನ್ನೇ ನೋಡಿ ಬರಬಹುದಲ್ಲ! ಸ್ವಂತ ಬುದ್ಧಿಯಿಂದ ಬಂದವಳೋ ಅಲ್ಲವೋ ತಿಳಿಯಬೇಕಾದರೆ ಅದಕ್ಕೂ ಸುಲಭ ಉಪಾಯ ಉಂಟು. ಕೂಡಿಸಿಕೊಂಡು ಎರಡು ಪ್ರಶ್ನೆ ಕೇಳುವುದು. ತನ್ನ ಮಾತಾದರೆ ಮಗು ವಿವರಿಸುತ್ತದೆ. ಬಾಯಿಪಾಠವಾದರೆ ಮೊದಲಿನಿಂದ ಒಪ್ಪಿಸುತ್ತದೆ.

ಪ್ರಶ್ನೆ ಕೇಳುವವರು ಯಾರು, ಹೇಗೆ ಕೇಳುತ್ತಾರೆ ಎಂಬುದೂ ಮುಖ್ಯ. 2020ರ ಜನವರಿಯಲ್ಲಿ ಬೀದರಿನ ಶಾಲೆಯೊಂದರಲ್ಲಿ ಮಕ್ಕಳು ಪೌರತ್ವ ಕಾನೂನಿನ ವಿಷಯವಾಗಿ ಒಂದು ಚಿಕ್ಕ ನಾಟಕ ಆಡಿದರು. ಅದರ ಮೇಲೆ ರಾಜದ್ರೋಹದ ಮೊಕದ್ದಮೆ ಹೂಡಲಾಯಿತು. ಶಾಲೆಯ ಒಬ್ಬ ಶಿಕ್ಷಕಿಯೂ ಒಂದು ಮಗುವಿನ ತಾಯಿಯೂ ಬಂಧಿತರಾದರು. ಪೊಲೀಸರು ಶಾಲೆಗೆ ಮತ್ತೆಮತ್ತೆ ಹೋಗಿ ಮಕ್ಕಳನ್ನು ವಿಚಾರಿಸಿದರು. ಸಮವಸ್ತ್ರ ತೊಟ್ಟು, ಆಯುಧ ಧರಿಸಿ ಮಕ್ಕಳನ್ನು ಹಾಗೆ ವಿಚಾರಿಸಿದ್ದು ಮೇಲ್ನೋಟಕ್ಕೇ ಮಕ್ಕಳ ಹಕ್ಕಿನ ಉಲ್ಲಂಘನೆಯೆಂದು ಕರ್ನಾಟಕದ ಹೈಕೋರ್ಟು 2021ರಲ್ಲಿ ಅಭಿಪ್ರಾಯಪಟ್ಟಿತು. 2023ರಲ್ಲಿ ಆ ಮೊಕದ್ದಮೆ ಹೈಕೋರ್ಟಿನಲ್ಲಿಯೇ ರದ್ದಾಯಿತು. ಅದೇ ತೀರ್ಪಿನಲ್ಲಿ, ಸರ್ಕಾರದ ನೀತಿಯನ್ನು ಟೀಕಿಸುವ ಕೆಲಸಕ್ಕೆ ಶಾಲೆಗಳು ಮಕ್ಕಳನ್ನು ತೊಡಗಿಸದಿರುವುದು ಒಳ್ಳೆಯದೆಂಬ ಬುದ್ಧಿಮಾತನ್ನೂ ನ್ಯಾಯಾಲಯ ಹೇಳಿತು. ಆ ಬುದ್ಧಿಮಾತನ್ನು ನೀವು ಒಪ್ಪಬಹುದು, ಬಿಡಬಹುದು. ಆದರೆ ನಾಟಕ ಆಡಿದ ಮಗುವಿನ ಎದುರು ಪೊಲೀಸರು ನಿಲ್ಲಬಾರದೆಂಬುದರಲ್ಲಿ ಎರಡು ಮಾತಿಲ್ಲ. ಶಾಲೆಯಲ್ಲಿ ನಡೆದದ್ದು ತಪ್ಪೆನಿಸಿದರೆ ಶಿಕ್ಷಣ ಇಲಾಖೆ ಇದೆ, ಪೋಷಕರ ಸಭೆ ಇದೆ.

ಹಾಗಾದರೆ ಸರಿಯಾದ ದಾರಿ ಯಾವುದು? 1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. 1992ರ ಡಿಸೆಂಬರಿನಲ್ಲಿ ಭಾರತವೂ ಅದಕ್ಕೆ ಸೇರಿತು. ಅದರ 12ನೆಯ ವಿಧಿಯ ತಾತ್ಪರ್ಯ ಸರಳವಾಗಿದೆ. ತನಗೆ ಸಂಬಂಧಪಟ್ಟ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗೆ ಉಂಟು; ವಯಸ್ಸಿಗೂ ತಿಳಿವಳಿಕೆಗೂ ತಕ್ಕಂತೆ ಅದಕ್ಕೆ ಬೆಲೆ ಕೊಡಬೇಕು. ಮಗು ಹೇಳಿದ್ದನ್ನೆಲ್ಲ ನಡೆಸಬೇಕೆಂದು ಅದರಲ್ಲಿ ಇಲ್ಲ. ಕೇಳಬೇಕು, ತೂಗಿ ನೋಡಬೇಕು ಎಂದಿದೆ. ಇದರಿಂದ ರಾಜಕಾರಣಿಗೆ ಎರಡು ಕರ್ತವ್ಯಗಳು ಬರುತ್ತವೆ. ವಾದಕ್ಕೆ ಕುಳಿತಾಗ ಆ ಹುಡುಗಿಯನ್ನು ಪೂರ್ಣ ನಾಗರಿಕಳಂತೆ ಕಾಣಬೇಕು. ರಕ್ಷಣೆಯ ವಿಷಯ ಬಂದಾಗ ಮಗುವೆಂದೇ ಕಾಣಬೇಕು. ನಮ್ಮಲ್ಲಿ ಅನೇಕ ಸಲ ಇದು ತಿರುವುಮುರುವಾಗುತ್ತದೆ. ವಾದದಲ್ಲಿ, ನೀನು ಚಿಕ್ಕವಳು ನಿನಗೇನು ಗೊತ್ತು ಎನ್ನುತ್ತೇವೆ. ಹೀಗಳೆಯುವಾಗ, ಮೊಕದ್ದಮೆ ಹೂಡುವಾಗ ಮಾತ್ರ ದೊಡ್ಡವರ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ.

ಕೇಳಿ ತೂಗಿ ನೋಡಿದರೆ ಏನು ನಡೆಯಬಹುದು ಎಂಬುದಕ್ಕೆ ಒಂದು ಉದಾಹರಣೆ. 2018ರ ಫೆಬ್ರುವರಿ 14ರಂದು ಅಮೆರಿಕದ ಫ್ಲಾರಿಡ ಪ್ರಾಂತದ ಶಾಲೆಯೊಂದರಲ್ಲಿ ಬಂದೂಕಿಗೆ 17 ಜನ ಬಲಿಯಾದರು. ಉಳಿದ ವಿದ್ಯಾರ್ಥಿಗಳು ಪ್ರಾಂತದ ರಾಜಧಾನಿಗೆ ಹೋಗಿ ಶಾಸಕರನ್ನು ಕಂಡರು. ಯುದ್ಧದ ಮಾದರಿಯ ಬಂದೂಕುಗಳನ್ನು ನಿಷೇಧಿಸಬೇಕೆಂಬ ಬೇಡಿಕೆಯನ್ನು ಶಾಸನಸಭೆ ಒಪ್ಪಲಿಲ್ಲ. ಆದರೆ ಬಂದೂಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು, ಕೊಳ್ಳುವವರಿಗೆ ಕಾಯುವ ಅವಧಿಯನ್ನು ಗೊತ್ತುಮಾಡಿತು. ಬಂದೂಕಿನ ಹಕ್ಕನ್ನು ಎತ್ತಿಹಿಡಿಯುವ ಪಕ್ಷಕ್ಕೇ ಸೇರಿದ ಗವರ್ನರ್ ರಿಕ್ ಸ್ಕಾಟ್ ಅವರು ಮಾರ್ಚಿ 9ರಂದು ಅದಕ್ಕೆ ಸಹಿ ಹಾಕಿದರು. ಮಕ್ಕಳಿಗೆ ಕೇಳಿದ್ದೆಲ್ಲ ಸಿಕ್ಕಲಿಲ್ಲ. ಆದರೆ ಮೂರೂವರೆ ವಾರದೊಳಗೆ, ಯಾವುದು ಆಗುತ್ತದೆ ಯಾವುದು ಆಗುವುದಿಲ್ಲ ಎಂಬುದು ಬಹಿರಂಗವಾಗಿ ಗೊತ್ತಾಯಿತು.

ನಮ್ಮ ನಾಡಿನಲ್ಲಿ ಇದಕ್ಕಿಂತ ಶಾಂತವಾದ, ಸಾಮಾನ್ಯವಾದ ಒಂದು ಏರ್ಪಾಡೇ ಇದೆ. ಕುಂದಾಪುರದ ಕಡೆ ದುಡಿಯುವ ಮಕ್ಕಳ ಭೀಮ ಸಂಘದ ಪ್ರಯತ್ನದಿಂದ 1990ರ ದಶಕದಲ್ಲಿ ಮಕ್ಕಳ ಪಂಚಾಯತಿಗಳು ಆರಂಭವಾದವು. ಅಲ್ಲಿಯ ಅನುಭವದ ಬಲದಿಂದ, ಪ್ರತಿ ಗ್ರಾಮ ಪಂಚಾಯತಿಯೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು 2006ರಲ್ಲಿ ಕರ್ನಾಟಕ ಸರ್ಕಾರ ಆಜ್ಞೆ ಮಾಡಿತು. ಮಕ್ಕಳು ತಮ್ಮ ಊರಿನ ಕೊರತೆಗಳನ್ನು ಹೇಳುತ್ತಾರೆ: ಶೌಚಾಲಯಕ್ಕೆ ನೀರಿಲ್ಲ, ಶಾಲೆಯ ದಾರಿಯಲ್ಲಿ ಸಾರಾಯಿ ಅಂಗಡಿ, ಮಳೆಗಾಲದಲ್ಲಿ ದಾಟಲಾಗದ ಹಳ್ಳ, ಹೊತ್ತಿಗೆ ಬಾರದ ಬಸ್ಸು. ಪಂಚಾಯತಿಯ ಸದಸ್ಯರೂ ಅಧಿಕಾರಿಗಳೂ ಎದುರು ಕುಳಿತು ಉತ್ತರಿಸಬೇಕು. ಸಭೆ ಚೆನ್ನಾಗಿ ನಡೆದ ಕಡೆ ಹೋದ ವರ್ಷದ ಬೇಡಿಕೆ ಏನಾಯಿತೆಂಬ ವರದಿಯನ್ನು ಮೊದಲು ಓದುತ್ತಾರೆ. ನಡೆಯದ ಕಡೆ ಹಾಡು, ಭಾಷಣ, ಬಿಸ್ಕತ್ತು, ಅಷ್ಟಕ್ಕೇ ಮುಗಿಯುತ್ತದೆ. ಎರಡಕ್ಕೂ ಇರುವ ವ್ಯತ್ಯಾಸವೆಲ್ಲ ಆ ಒಂದು ಹಾಳೆ ವರದಿಯಲ್ಲಿದೆ.

ಮಂತ್ರಿಯಾಗಲಿ, ಶಾಸಕರಾಗಲಿ, ಪುರಸಭೆಯ ಸದಸ್ಯರಾಗಲಿ, ಮಕ್ಕಳು ಬಾಗಿಲಿಗೆ ಬಂದಾಗ ಮಾಡತಕ್ಕ ಕೆಲಸಗಳನ್ನು ಹೀಗೆ ಹೇಳಬಹುದು. ಮೊದಲು, ಬಿಸಿಲಲ್ಲಿ ಕಾಯಿಸದೆ ಒಳಗೆ ಕರೆಯಬೇಕು. ಶಾಲೆಯ ವೇಳೆ ತಪ್ಪಿಸಿ ಭೇಟಿಗೆ ಹೊತ್ತು ಗೊತ್ತುಮಾಡಿದರೆ ಇನ್ನೂ ಒಳ್ಳೆಯದು. ತಾನು ಮಾತಾಡುವ ಮುನ್ನ ಅವರ ಮಾತು ಮುಗಿಯಲು ಬಿಡಬೇಕು. ಆಗುವುದಾದರೆ ಯಾವಾಗ ಎಂದು ತಿಳಿಸಬೇಕು. ಆಗದಿದ್ದರೆ ಏಕೆ ಆಗದೆಂದು ಮುಚ್ಚುಮರೆಯಿಲ್ಲದೆ ಹೇಳಬೇಕು. ಹಣವಿಲ್ಲದಿದ್ದರೆ ಹಣವಿಲ್ಲವೆನ್ನಲಿ, ತನಗೆ ಒಪ್ಪಿಗೆಯಿಲ್ಲದಿದ್ದರೆ ಒಪ್ಪಿಗೆಯಿಲ್ಲವೆನ್ನಲಿ. ದೊಡ್ಡವರ ಭಿನ್ನಾಭಿಪ್ರಾಯವನ್ನು ಮಕ್ಕಳು ತಾಳಿಕೊಳ್ಳಬಲ್ಲರು, ತಾಳಲಾರದ್ದು ಅಲಕ್ಷ್ಯವನ್ನು. ಹೇಳಿದ್ದನ್ನು ಬರವಣಿಗೆಯಲ್ಲಿ ಕೊಡಬೇಕು. ಅವರೊಡನೆ ತೆಗೆಸಿಕೊಂಡ ಚಿತ್ರವನ್ನು ಪಕ್ಷದ ಪ್ರಚಾರಕ್ಕೆ ಬಳಸಕೂಡದು. ಮತ್ತು ತನ್ನ ಹಿಂಬಾಲಕರು ಆ ಮಕ್ಕಳನ್ನು ಫೋನಿನಲ್ಲಿ, ಜಾಲತಾಣದಲ್ಲಿ ಹೀನಾಯವಾಗಿ ಬೈಯತೊಡಗಿದರೆ, ನಿಲ್ಲಿಸಿರೆಂದು ಬಾಯಿಬಿಟ್ಟು ಹೇಳಬೇಕು. ಇಂದಿನ ದಿನ ಮಗುವಿಗೆ ನೀರಿನ ಕೊಳವೆಗಿಂತ ಹೆಚ್ಚು ಗಾಸಿ ಮಾಡಬಲ್ಲದ್ದು ಅದು.

ಇದರಿಂದ ರಾಜಕಾರಣಿಗೆ ಏನು ಲಾಭವೆಂದು ನೀವು ಕೇಳಬಹುದು. 61ನೆಯ ತಿದ್ದುಪಡಿಯಿಂದ 1989ರಲ್ಲಿ ನಮ್ಮ ಮತದಾನದ ವಯಸ್ಸು 18ಕ್ಕೆ ಇಳಿಯಿತು. ಹದಿನೈದರ ಹುಡುಗಿ ಮುಂದಿನ ಚುನಾವಣೆಯ ಹೊತ್ತಿಗೆ ಮತದಾರಳು. ಅದೂ ಒಂದು ಲೆಕ್ಕವೇ. ಆದರೆ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ. ಸರ್ಕಾರವೆಂದರೇನೆಂಬುದನ್ನು ಮಗು ಪೌರನೀತಿಯ ಪುಸ್ತಕದಲ್ಲಿ ಓದುವುದು ಒಂದು. ತಾನು ಬರೆದ ಮೊದಲ ಅರ್ಜಿಗೆ ಬಂದ ಉತ್ತರದಿಂದ ಕಲಿಯುವುದು ಇನ್ನೊಂದು. ಉತ್ತರವೇ ಬಾರದಿದ್ದರೆ, ಕಾಗದ ಬರೆದು ಪ್ರಯೋಜನವಿಲ್ಲ, ಕಲ್ಲು ಎಸೆದರೆ ಮಾತ್ರ ಕೇಳುತ್ತಾರೆ ಎಂಬ ಪಾಠವನ್ನು ಕೆಲವರು ಕಲಿಯುತ್ತಾರೆ. ಉಳಿದವರು ಯಾವ ಗೊಡವೆಯೂ ಬೇಡವೆಂದು ಸುಮ್ಮನಾಗುತ್ತಾರೆ. ಪ್ರಜಾಪ್ರಭುತ್ವಕ್ಕೆ ಎರಡೂ ಕೇಡೇ.

ಕೊನೆಯದಾಗಿ ಮನೆಯವರಾದ ನಿಮಗೊಂದು ಮಾತು. ನಿಮ್ಮ ಮಗಳು ನಾಲ್ಕು ಗೆಳತಿಯರನ್ನು ಕಟ್ಟಿಕೊಂಡು ಬೀದಿಯ ಕಸದ ವಿಷಯವಾಗಿಯೋ, ಕಡಿಯಲಿರುವ ಮರದ ವಿಷಯವಾಗಿಯೋ ಅರ್ಜಿ ಬರೆಯುತ್ತೇನೆಂದರೆ ಬೇಡವೆನ್ನಬೇಡಿ, ಬರೆದುಕೊಡಲೂ ಬೇಡಿ. ಅವಳು ಹೇಳುವ ಸಂಗತಿ ನಿಜವೇ ಎಂದು ಅವಳಿಂದಲೇ ವಿಚಾರ ಮಾಡಿಸಿ. ಜೊತೆಗೆ ಹೋಗಿ, ಆದರೆ ಮಾತು ಅವಳೇ ಆಡಲಿ. ಗ್ರಾಮ ಪಂಚಾಯತಿಗಳು ವರ್ಷಕ್ಕೊಮ್ಮೆ ಮಾಡಬೇಕಾದ ಈ ಕೆಲಸವನ್ನು ಪಟ್ಟಣದ ವಾರ್ಡುಗಳಲ್ಲಿಯೂ ಮಾಡಲು ಅಡ್ಡಿಯೇನೂ ಇಲ್ಲ. ಶಾಲೆಯ ಒಂದು ಕೋಣೆ, ಒಂದು ಶನಿವಾರದ ಮಧ್ಯಾಹ್ನ, ನಿಮ್ಮ ವಾರ್ಡಿನ ಸದಸ್ಯರು, ಬರೆದುಕೊಳ್ಳಲು ಒಂದು ಪುಸ್ತಕ, ಇಷ್ಟಿದ್ದರೆ ಸಾಕು. ಮುಂದಿನ ಸಲ ಮತ ಕೇಳಲು ಬಂದವರನ್ನು ರಸ್ತೆ, ದೀಪ, ನೀರಿನ ಜೊತೆಗೆ ಇದೊಂದನ್ನೂ ಕೇಳಿ ನೋಡಿ: ಕಳೆದ ಐದು ವರ್ಷದಲ್ಲಿ ಮಕ್ಕಳು ಕೊಟ್ಟ ಎಷ್ಟು ಅರ್ಜಿಗಳಿಗೆ ತಾವು ಉತ್ತರ ಬರೆದಿದ್ದೀರಿ?